ಇಪ್ಪತ್ತೇಳನೆಯ ದಿನ

ನನ್ನ ಬಾಯಿ ಕೆಟ್ಟದ್ದು ಎಂದು ಊರಿನವರು ಹೇಳುತ್ತಾರೆ. ಹೇಳಲಿ. ಪುರಸಭೆಯ ಪಾರ್ಕು ಕಾಯುವ ಹೆಂಗಸಿನ ಬಾಯಿ ಸಿಹಿಯಾಗಿದ್ದರೆ ಪಾರ್ಕಿನಲ್ಲಿ ಒಂದು ಹೂವೂ ಉಳಿಯುವುದಿಲ್ಲ, ಒಂದು ನಲ್ಲಿಯೂ ಉಳಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಗೇಟು ತೆಗೆದರೆ ಸಂಜೆ ಏಳಕ್ಕೆ ಬೀಗ ಹಾಕುವವರೆಗೆ ನಾನು ಆಡುವ ಮಾತುಗಳು ಇಷ್ಟೇ: ಹೂ ಕೀಳಬ್ಯಾಡ್ರಿ, ಇಲ್ಲಿ ಉಗುಳಬ್ಯಾಡ್ರಿ, ಬೆಂಚಿನ ಮ್ಯಾಲ ಕಾಲಿಟ್ಟು ಕುಂದರಬ್ಯಾಡ್ರಿ, ಜೋಡಿಯಾಗಿ ಬಂದು ರೀಲ್ಸ್ ಮಾಡಬ್ಯಾಡ್ರಿ. ಒಂದು ರಾತ್ರಿ ಮಲಗಿಕೊಂಡು ನೆನಪಿಸಿಕೊಂಡೆ. ಆ ದಿನ 'ಬ್ಯಾಡ' ಇಲ್ಲದ ಮಾತು ನನ್ನ ಬಾಯಿಂದ ಒಂದೂ ಬಂದಿರಲಿಲ್ಲ. ಆಮೇಲೆ ನಿದ್ದೆ ಬರಲಿಲ್ಲ.

ಮೊದಲು ಹೀಗಿರಲಿಲ್ಲ. ನಮ್ಮ ಯಜಮಾನರು ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ, ಬಾಗಿಲಿಗೆ ಬಾಗಿಲು. ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ನನಗೆ ಗೊತ್ತಾಗುತ್ತಿತ್ತು. ಯಜಮಾನರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಮಕ್ಕಳಾಗಿರಲಿಲ್ಲ. ಪುರಸಭೆಯಲ್ಲಿ ಗುತ್ತಿಗೆ ಮೇಲೆ ಈ ಕೆಲಸ ಸಿಕ್ಕಿತು, ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಸಿಕ್ಕಿತು. ಕಂಪ್ಲಿಯಲ್ಲಿ ತಂಗಿ ಇದ್ದಾಳೆ. ತಿಂಗಳಿಗೊಮ್ಮೆ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಾಳೆ, ನಾನು ಏನು ಉಂಡೆ ಎಂದು ಹೇಳುವ ಮುಂಚೆಯೇ ಸೀರಿಯಲ್ ಶುರುವಾಯಿತು ಎಂದು ಇಟ್ಟುಬಿಡುತ್ತಾಳೆ. ಒಂಬತ್ತು ವರ್ಷ ಹೀಗೇ ಕಳೆದಿದ್ದೇನೆ.

ನಮ್ಮೂರ ಪಾರ್ಕಿನ ದೊಡ್ಡ ಕೆಲಸವೆಂದರೆ ಎಲೆ ತೊಳೆಯುವುದು. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಾಡುವ ರಸ್ತೆಯ ಪಕ್ಕದಲ್ಲಿ ಗಿಡ ಬೆಳೆಸಿದರೆ ನೀರು ಬುಡಕ್ಕೆ ಹಾಕಿದರಷ್ಟೇ ಸಾಲದು. ಎಲೆಯ ಮೇಲೆ ಕೆಂಪು ಧೂಳು ಕೂತು ಗಿಡಕ್ಕೆ ಉಸಿರು ಕಟ್ಟುತ್ತದೆ. ದಿನಾ ಬೆಳಿಗ್ಗೆ ಪೈಪು ಹಿಡಿದು, ಕಣಗಿಲೆ, ದಾಸವಾಳ, ಹೊಂಗೆ ಎಲ್ಲದರ ಎಲೆಗಳನ್ನೂ ಮೇಲೆ ಕೆಳಗೆ ತೊಳೆಯಬೇಕು. ಕಾಲುವೆಯಲ್ಲಿ ಕೆಂಪು ನೀರು ಹರಿಯುತ್ತದೆ. ಮಧ್ಯಾಹ್ನದವರೆಗೆ ಪಾರ್ಕು ಹಸಿರಾಗಿರುತ್ತದೆ, ಸಂಜೆಗೆ ಮತ್ತೆ ಕೆಂಪು. ಮರುದಿನ ಮತ್ತೆ ಪೈಪು.

ಸುಮಲತಾ ಬಂದದ್ದು ಈ ಕೆಲಸಕ್ಕೆ. ಈಗ ಹೊಸ ಕಾನೂನು ಬಂದಿದೆಯಲ್ಲ, ಮೊದಲ ಸಲ ಸಣ್ಣಪುಟ್ಟ ಕಳ್ಳತನ ಮಾಡಿ ಸಿಕ್ಕಿಬಿದ್ದು, ಕದ್ದದ್ದನ್ನು ವಾಪಸು ಕೊಟ್ಟರೆ, ಜೈಲಿನ ಬದಲು ಸಮುದಾಯ ಸೇವೆ. ಸಂಬಳವಿಲ್ಲದ ಕೆಲಸ. ಸಂಡೂರು ಕೋರ್ಟು ಶಿಕ್ಷೆ ಕೊಡುತ್ತದೆ, ಪುರಸಭೆ ಕೆಲಸ ಕೊಡುತ್ತದೆ, ಪೊಲೀಸರು ನೋಡಿಕೊಳ್ಳುತ್ತಾರೆ. ಇದೆಲ್ಲದರ ಮೇಲೆ ಕಣ್ಣಿಡಲು ಪುರಸಭೆಯ ಸ್ಥಾಯಿ ಸಮಿತಿ. ಸಮಿತಿಯ ಅಧ್ಯಕ್ಷ ಮುರುಗೇಶ್ ನಮ್ಮ ವಾರ್ಡಿನ ಸದಸ್ಯ. ಅಕ್ಕಿ ಗಿರಣಿ ಮನೆತನದವನು, ಇಸ್ತ್ರಿ ಮಾಡಿದ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ.

ಯುಗಾದಿಯ ಮರುದಿನ ಬೆಳಿಗ್ಗೆ ಬೀಟ್ ಕಾನ್‌ಸ್ಟೆಬಲ್ ರೇವಣಸಿದ್ದ ಅವಳನ್ನು ಕರೆತಂದ. ಮೂವತ್ತೈದರ ಹೆಂಗಸು, ವಡ್ಡು ಊರಿನವಳು. ತಲೆ ತಗ್ಗಿಸಿ ನಿಂತಿದ್ದಳು. ರೇವಣಸಿದ್ದ ನನ್ನ ಕೈಗೆ ಒಂದು ಪುಸ್ತಕ ಕೊಟ್ಟು ವಿವರಿಸಿದ: ಮೂವತ್ತು ದಿನ, ಏಳರಿಂದ ಹತ್ತು, ದಿನಾ ಅವಳ ಸಹಿ, ಪಕ್ಕದಲ್ಲಿ ನನ್ನ ಸಹಿ. ಪ್ರತಿ ಶನಿವಾರ ತಾನು ಬಂದು ಪುಟದ ಫೋಟೋ ಹೊಡೆದು ಕಳಿಸುತ್ತೇನೆ ಎಂದ. ಹಿಂದೆಯೇ ಮುರುಗೇಶ್ ಬಂದ. ಅವನ ಕೈಯಲ್ಲಿ ಕಿತ್ತಳೆ ಬಣ್ಣದ ಜಾಕೀಟು, ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಸಮುದಾಯ ಸೇವೆ' ಎಂದು ಬರೆಸಿದ್ದ. ಅದನ್ನು ಹಾಕಿಸಿ ಫೋಟೋ ತೆಗೆಸಬೇಕೆಂದು ಅವನ ಆಸೆ. ನಲವತ್ತೊಂದು ಡಿಗ್ರಿ ಬಿಸಿಲಿನಲ್ಲಿ ಆ ಪ್ಲಾಸ್ಟಿಕ್ಕು ಹಾಕಿಕೊಂಡು ಅವಳು ಬಿದ್ದರೆ ನೀವು ಬಂದು ಪೈಪು ಹಿಡಿಯುತ್ತೀರೇನು ಎಂದು ಕೇಳಿದೆ. ಅವನು ಜಾಕೀಟನ್ನು ನನ್ನ ಕೈಗೆ ತುರುಕಿ ಕಾರು ಹತ್ತಿದ. ಜಾಕೀಟು ಶೆಡ್ಡಿನ ಮೊಳೆಯಲ್ಲಿ ತೂಗುಬಿದ್ದಿತು.

ಅವಳ ಪರವಾಗಿ ಮಾತಾಡಿದೆ ಎಂದುಕೊಳ್ಳಬೇಡಿ. ಕಳ್ಳರನ್ನು ಕಂಡರೆ ನನಗಾಗುವುದಿಲ್ಲ. ಪಾರ್ಕಿನ ಮೂರು ನಲ್ಲಿ ಕಳೆದುಕೊಂಡವಳು ನಾನು. ಅವರಿಬ್ಬರೂ ಹೋದ ಮೇಲೆ ಅವಳನ್ನು ನಿಲ್ಲಿಸಿ ಕೇಳಿದೆ, ಏನು ಕದ್ದೆ ಎಂದು. ಟೇಬಲ್ ಫ್ಯಾನು ಎಂದಳು. ಮದುವೆಯೊಂದಕ್ಕೆ ಪಾತ್ರೆ ತೊಳೆಯಲು ಹೋಗಿದ್ದಳಂತೆ. ಕಲ್ಯಾಣ ಮಂಟಪದ ಮೂಲೆಯ ಕೋಣೆಯಲ್ಲಿ ಆರು ಫ್ಯಾನು ಸುಮ್ಮನೆ ಬಿದ್ದಿದ್ದವಂತೆ. ಮನೆಯಲ್ಲಿ ಅತ್ತೆ ಹೊಳೆಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಳೆ, ಬಿಸಿಲಿಗೆ ಬೆನ್ನೆಲ್ಲ ಹುಣ್ಣು. ಒಂದನ್ನು ಸೀರೆಯಲ್ಲಿ ಸುತ್ತಿ ತಂದಳಂತೆ. ಮಾಲೀಕನ ಕ್ಯಾಮೆರಾದಲ್ಲಿ ಎಲ್ಲ ಕಂಡಿದೆ.

"ಕೇಳಿದ್ರ ಕೊಡ್ತಿದ್ರಲ್ಲ. ಯಾಕ ಕದ್ದಿ?" ಎಂದೆ.

"ಕೇಳಾಕ ಬಾಯಿ ಬರ್ಲಿಲ್ಲಕ್ಕ," ಎಂದಳು.

ಇದೆಂಥ ಮಾತು, ಬಾಯಿ ಇರುವುದು ಯಾತಕ್ಕೆ ಎಂದು ಚೆನ್ನಾಗಿ ಬೈದೆ. ಬೈಯುವುದರಲ್ಲಿ ನಾನು ಕಡಿಮೆಯಿಲ್ಲ. ಅವಳು ಎಲ್ಲ ಕೇಳಿಸಿಕೊಂಡು ಪೈಪು ಎಲ್ಲಿದೆ ಎಂದು ಕೇಳಿದಳು.

ಮೊದಲ ವಾರ ನಾನು ಬೆಂಚಿನಲ್ಲಿ, ಅವಳು ಗಿಡಗಳ ನಡುವೆ. ಗಡಿಯಾರ ನೋಡುವುದು, ಸಹಿ ಹಾಕಿಸುವುದು, ಇಷ್ಟೇ. ಎಂಟನೆಯ ದಿನ ಒಂದು ಡಬ್ಬಿ ತಂದಳು. ಮಂಡಕ್ಕಿ ಒಗ್ಗರಣೆ, ಮೇಲೆ ಎರಡು ಮಿರ್ಚಿ. ನೀನು ತಿನ್ನು, ನನ್ನದಾಗಿದೆ ಎಂದು ಸುಳ್ಳು ಹೇಳಿದೆ. ಒಬ್ಬಳೇ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಡಬ್ಬಿಯ ಮುಚ್ಚಳದಲ್ಲಿ ಅರ್ಧ ಹಾಕಿ ನನ್ನ ಮುಂದೆ ಇಟ್ಟಳು. ಮಿರ್ಚಿ ಕಚ್ಚಿದೆ. ಒಬ್ಬರ ಎದುರಿಗೆ ಕೂತು ತಿಂದು ಎಷ್ಟು ವರ್ಷವಾಗಿತ್ತೋ, ಖಾರಕ್ಕೋ ಯಾತಕ್ಕೋ ಕಣ್ಣಲ್ಲಿ ನೀರು ಬಂತು. ಖಾರ ಭಾಳ ಆಗೇತಿ ಎಂದು ಗದರಿದೆ.

ಅಲ್ಲಿಂದ ಶುರುವಾಯಿತು ನೋಡಿ. ಮರುದಿನ ನಾನು ಫ್ಲಾಸ್ಕಿನಲ್ಲಿ ಚಹಾ ಒಯ್ದೆ. ಎರಡು ಲೋಟ ಬೇಕಿತ್ತು, ಮನೆಯಲ್ಲಿ ಇದ್ದದ್ದು ಒಂದೇ. ಅಂಗಡಿಗೆ ಹೋಗಿ ಇನ್ನೊಂದು ಕೊಂಡೆ. ಅವಳು ಹೊಂಗೆ ತೊಳೆದರೆ ನಾನು ಕಣಗಿಲೆ ತೊಳೆಯುತ್ತಿದ್ದೆ. ಅವಳು ಕಾರ್ಖಾನೆ ಕ್ಯಾಂಟೀನಿನ ಕಥೆ ಹೇಳುತ್ತಿದ್ದಳು. ಅಲ್ಲಿ ಅವಳು ಚಪಾತಿ ಮಾಡುವ ಕೆಲಸದಲ್ಲಿದ್ದಳು, ಒಂದು ಪಾಳಿಗೆ ಎಂಟುನೂರು ಚಪಾತಿ. ಚಪಾತಿ ನೋಡಿಯೇ ಇದು ಯಾರು ಲಟ್ಟಿಸಿದ್ದು ಎಂದು ಹೇಳಬಲ್ಲೆ ಎನ್ನುತ್ತಿದ್ದಳು. ಕೇಸು ಬಿದ್ದ ಮೇಲೆ ಗೇಟ್‌ಪಾಸು ನಿಂತುಹೋಗಿತ್ತು. ಕೋರ್ಟಿನಿಂದ ಶಿಕ್ಷೆ ಮುಗಿಯಿತು ಎಂಬ ಕಾಗದವನ್ನು ಮೇ ಐದರೊಳಗೆ ತಂದರೆ ಪಾಸು ಮಾಡಿಸಿ ಮತ್ತೆ ಒಲೆಯ ಮುಂದೆ ನಿಲ್ಲಿಸುತ್ತೇನೆ, ತಡವಾದರೆ ಬೇರೆಯವಳು ಕಾದಿದ್ದಾಳೆ ಎಂದು ಕಂಟ್ರಾಕ್ಟರು ಹೇಳಿದ್ದನಂತೆ. ಅವಳ ಗಂಡ ಲಾರಿ ಮೇಲೆ ಹೋದವನು ಮಂಗಳೂರು ಕಡೆಯೇ ಉಳಿದುಬಿಟ್ಟಿದ್ದಾನೆ. ಆ ಮನೆ ನಡೆಯಬೇಕಾದರೆ ಆ ಚಪಾತಿಯೇ ಗತಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ನನ್ನ ಕಥೆಯನ್ನೂ ಕೇಳಿದಳು. ಡಂಪರಿನ ಟೈರು ಎಷ್ಟು ಎತ್ತರ, ಯಜಮಾನರಿಗೆ ಯಾವ ಪಲ್ಯ ಇಷ್ಟ, ಕೊನೆಯ ದಿನ ಏನು ಅಂದರು, ಎಲ್ಲ. ಮಧ್ಯದಲ್ಲಿ ಎದ್ದುಹೋಗುತ್ತಿರಲಿಲ್ಲ. ರಾತ್ರಿ ಮಲಗುವಾಗ ನಾಳೆ ಅವಳಿಗೆ ಇದನ್ನು ಹೇಳಬೇಕು ಎಂದು ಒಂದೊಂದು ಮಾತು ಕೂಡಿಟ್ಟುಕೊಳ್ಳುತ್ತಿದ್ದೆ. ನಿದ್ದೆ ಬರುತ್ತಿತ್ತು.

ಇಪ್ಪತ್ತೇಳನೆಯ ದಿನ ಶನಿವಾರ. ಕೆಲಸ ಮುಗಿಸಿ, ಕಾಲು ತೊಳೆದುಕೊಂಡು, ಬೆರಳು ಮಡಚಿ ಎಣಿಸಿದಳು. ಮುಖದ ತುಂಬ ನಗು.

"ಇನ್ನ ಮೂರ ದಿನ ಅಕ್ಕ. ಆಮ್ಯಾಲ ಈ ಪಾರ್ಕಿನ ಕಡಿ ತಿರುಗಿ ಸೈತ ನೋಡಂಗಿಲ್ಲ."

ತಮಾಷೆಗೆ ಅಂದದ್ದು. ಶಿಕ್ಷೆ ಮುಗಿಯುತ್ತದೆಂದರೆ ಯಾರಿಗೆ ಖುಷಿಯಾಗುವುದಿಲ್ಲ? ಆದರೆ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೋಗು ಹೋಗು, ನಿನ್ನನ್ನು ಇಲ್ಲಿ ಯಾರು ಕಟ್ಟಿಹಾಕಿದ್ದಾರೆ ಎಂದೆ. ಕಣಗಿಲೆಯ ಕಡೆ ನೀರು ಹಾಯುತ್ತಿಲ್ಲ ನೋಡಿ ಬಾ ಎಂದು ಅವಳನ್ನು ಅತ್ತ ಕಳಿಸಿದೆ. ಅವಳು ಬರುವಷ್ಟರಲ್ಲಿ ಬಸ್ಸಿನ ಸದ್ದಾಯಿತು. ಸಹಿ ನಾಳೆ ಹಾಕುತ್ತೇನಕ್ಕ ಎಂದು ಕೂಗಿ ಓಡಿಹೋದಳು. ಹಾಗೆ ಎರಡು ಮೂರು ಸಲ ಆಗಿತ್ತು, ಮರುದಿನ ಸಹಿ ಹಾಕುತ್ತಿದ್ದಳು.

ಪುಸ್ತಕ ತೆರೆದೆ. ಇಪ್ಪತ್ತೇಳರ ಮನೆ ಖಾಲಿ ಇತ್ತು. ಅದರಲ್ಲಿ 'ಗೈರು' ಎಂದು ಬರೆದೆ. ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

ಏನು ಅಂದುಕೊಂಡು ಬರೆದೆ ಎಂದು ಕೇಳಿದರೆ ಹೇಳುತ್ತೇನೆ. ನಮ್ಮ ಪುರಸಭೆಯ ಹಾಜರಿಯಲ್ಲಿ ಒಂದು ದಿನ ಗೈರಾದರೆ ಇನ್ನೊಂದು ದಿನ ಬದಲಿ ಬಂದು ಮಾಡಬೇಕು. ಹಾಜರಿ ಹಿಡಿಯುವ ದಫೇದಾರ ಪಕ್ಕದಲ್ಲಿ 'ಬದಲಿ' ಎಂದು ಬರೆಯುತ್ತಾನೆ, ಅಲ್ಲಿಗೆ ಮುಗಿಯಿತು. ಕಸ ಗುಡಿಸುವವರಿಂದ ಹಿಡಿದು ನೀರು ಬಿಡುವವರ ತನಕ ಎಲ್ಲರಿಗೂ ಇದೇ ರೂಢಿ, ಒಂಬತ್ತು ವರ್ಷದಿಂದ ನಾನು ಬಲ್ಲದ್ದೂ ಇದೇ. ಮಂಗಳವಾರದ ಬದಲು ಬುಧವಾರ ಮುಗಿಯುತ್ತದೆ, ಮೇ ಐದಕ್ಕೆ ಇನ್ನೂ ದಿನವಿದೆ, ಯಾರಿಗೇನು ನಷ್ಟ ಎಂದುಕೊಂಡೆ. ಒಂದೇ ಒಂದು ದಿನ. ಅಷ್ಟೇ ನನಗೆ ಬೇಕಾಗಿದ್ದದ್ದು.

ಮಧ್ಯಾಹ್ನ ರೇವಣಸಿದ್ದ ಬಂದು ಫೋಟೋ ಹೊಡೆದುಕೊಂಡು ಹೋದ. ಭಾನುವಾರ ಸುಮಲತಾ ಬಂದಳು. ಮರೆತ ಸಹಿಯನ್ನು ನೆನಪಿಸಿ ಕೇಳಿದಳು. ಪುಸ್ತಕವನ್ನು ಕಾನ್‌ಸ್ಟೆಬಲ್ ಒಯ್ದಿದ್ದಾನೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಪುಸ್ತಕ ಶೆಡ್ಡಿನಲ್ಲಿ, ಆ ಜಾಕೀಟಿನ ಕೆಳಗೇ ಇತ್ತು.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಅವಳಿಗಿಂತ ಮೊದಲು ರೇವಣಸಿದ್ದ ನಿಂತಿದ್ದ. ಕೋರ್ಟಿನ ಆಜ್ಞೆ ಮೀರಿ ಗೈರಾಗಿದ್ದಾಳೆಂದು ಠಾಣೆಯಲ್ಲಿ ದಾಖಲಾಗಿದೆ, ಪುರಸಭೆ ಸಮಿತಿ ವಿಚಾರಿಸಿ ವರದಿ ಕೊಡಬೇಕು, ಅಲ್ಲಿಯವರೆಗೆ ಕೆಲಸ ಬಂದ್ ಎಂದ. ಬದಲಿ ದಿನ ಮಾಡಿದರಾಯಿತಲ್ಲ ಎಂದೆ. ಅವನು ನನ್ನನ್ನೇ ನೋಡಿದ.

"ಇದು ನಿಮ್ಮ ಕಸದ ಗಾಡಿ ಹಾಜರಿ ಅಲ್ಲಬೇ ಯಕ್ಕ. ಕೋರ್ಟು. ತಪ್ಪಿದ್ರ ಜೈಲು."

ಅಷ್ಟರಲ್ಲಿ ಸುಮಲತಾ ಡಬ್ಬಿ ಹಿಡಿದು ಬಂದಳು. ರೇವಣಸಿದ್ದ ಅವಳಿಗೂ ಅದನ್ನೇ ಹೇಳಿದ. ಅವಳು ನಾನು ಬಂದಿದ್ದೆ, ಅಕ್ಕನನ್ನು ಕೇಳಿ ಎಂದಳು. ಇಬ್ಬರೂ ನನ್ನ ಕಡೆ ತಿರುಗಿದರು. ಊರಿಗೆಲ್ಲ ಬಾಯಿ ಮಾಡುವ ನಾನು, ಸಮಿತಿಯಲ್ಲಿ ನೋಡೋಣ ಎಂದು ಗೊಣಗಿ ಪೈಪು ಎತ್ತಿಕೊಂಡೆ. ಅವಳು ಹೋದ ಮೇಲೆ ನೋಡಿದರೆ ಡಬ್ಬಿ ಬೆಂಚಿನ ಮೇಲೆಯೇ ಇತ್ತು. ಮುಟ್ಟಲು ಧೈರ್ಯವಾಗಲಿಲ್ಲ.

ಸಮಿತಿ ಕೂಡಿದ್ದು ಮೇ ಐದರಂದೇ. ಆ ಒಂದು ವಾರ ನಾನು ಹೇಗೆ ಕಳೆದೆ ಎಂದು ಹೇಳುವುದಿಲ್ಲ. ಎರಡು ಸಲ ವಡ್ಡುವಿನ ಬಸ್ಸು ಹತ್ತಿ, ಹೊರಡುವ ಮುಂಚೆ ಇಳಿದುಬಿಟ್ಟೆ. ಒಂದು ಸಲ ಮುರುಗೇಶನ ಮನೆಗೆ ಹೋಗಿ, ಬರೆದದ್ದರಲ್ಲಿ ತಪ್ಪಾಗಿದೆ ಎಂದು ಅರ್ಧ ಬಾಯಿ ಬಿಟ್ಟೆ. ಅವನು ಕೈ ಅಡ್ಡ ಹಿಡಿದ. ನಮ್ಮ ಪುಸ್ತಕ ಸುಳ್ಳು ಎಂದರೆ ಕೋರ್ಟಿನ ಮುಂದೆ ಪುರಸಭೆಯ ಮರ್ಯಾದೆ ಏನಾಗಬೇಕು, ಅವಳು ಮೊದಲೇ ಕಳ್ಳಿ, ನಿನಗೆ ಕೆಲಸ ಬೇಕೋ ಬೇಡವೋ ನೋಡಿಕೋ ಎಂದ. ನನಗೆ ಕೆಲಸ ಬೇಕಿತ್ತು. ಅದು ಹೋದರೆ ಬೈಯುವುದಕ್ಕೂ ನನಗೆ ಯಾರೂ ಇರುವುದಿಲ್ಲ.

ಸಭೆಯ ಹಾಲಿನಲ್ಲಿ ಉದ್ದ ಮೇಜು. ಒಂದು ಕಡೆ ಐವರು ಸದಸ್ಯರು, ನಡುವೆ ಮುರುಗೇಶ್, ತುದಿಯಲ್ಲಿ ಠಾಣೆಯ ಪಿಎಸ್‌ಐ. ಮೊದಲು ಬೀದಿ ದೀಪ, ಆಮೇಲೆ ಸಿಸಿ ಕ್ಯಾಮೆರಾ, ಆಮೇಲೆ ಹಂದಿ ಹಿಡಿಯುವ ವಿಷಯ ಮಾತಾಡಿದರು. ಸುಮಲತಾ ಗೋಡೆಗೆ ಒರಗಿ ನಿಂತಿದ್ದಳು. ನನಗೆ ಕುರ್ಚಿ ಕೊಟ್ಟಿದ್ದರು. ಅವಳು ನಿಂತು ನಾನು ಕೂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಅವಳ ಸರದಿ ಬಂತು. ನಾನು ಬಂದಿದ್ದೆ ಎಂದು ಅವಳು ಹೇಳಿದಳು. ಪುಸ್ತಕದಲ್ಲಿ ಗೈರು ಎಂದಿದೆ, ನಿನ್ನ ಸಹಿಯೂ ಇಲ್ಲ ಎಂದು ಮುರುಗೇಶ್ ಪುಟ ತಿರುಗಿಸಿ ತೋರಿಸಿದ. ಅವಳು ದೂರದಿಂದಲೇ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ, ನನಗೇ ಸಮಾಧಾನ ಹೇಳುವ ಹಾಗೆ ಮೆಲ್ಲಗೆ ಅಂದಳು.

"ಅಕ್ಕಾರು ಮರ್ತು ಬರ್ದಿರಬೇಕ್ರಿ. ಅವ್ರು ಬೇಕಂತ ಬರಿಯೋರಲ್ಲ."

ಇದೊಂದು ಮಾತು ಅವಳು ಆಡದೆ ಇದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ದೇವರಾಣೆ ಗೊತ್ತಿಲ್ಲ. ಕುರ್ಚಿಯಿಂದ ಎದ್ದೆ.

"ಮರ್ತಿಲ್ರಿ. ಬೇಕಂತ ಬರ್ದೀನಿ. ಆಕಿ ಬಂದಿದ್ಲು."

ಪಿಎಸ್‌ಐ ಫೋನಿನಿಂದ ತಲೆ ಎತ್ತಿದರು. ಮುರುಗೇಶನ ಮುಖ ಕಪ್ಪಿಟ್ಟಿತು. ಯಾಕೆ ಬರೆದೆ, ಅವಳೊಡನೆ ಜಗಳವೇ ಎಂದು ಪಿಎಸ್‌ಐ ಕೇಳಿದರು. ಜಗಳ ಎಂದಿದ್ದರೆ ಸುಲಭವಿತ್ತು. ನನ್ನ ಬಾಯಿಯ ಹೆಸರು ಗೊತ್ತಿದ್ದವರೆಲ್ಲ ನಂಬುತ್ತಿದ್ದರು.

"ಜಗಳ ಅಲ್ರಿ. ಆಕಿ ಇನ್ನೊಂದು ದಿನ ಬರ್ಲಿ ಅಂತ. ನನ್ನ ಕೂಡ ಮಾತಾಡೋರು ಯಾರೂ ಇಲ್ರಿ."

ಒಬ್ಬ ಸದಸ್ಯ ನಗು ತಡೆಯಲು ಕೆಮ್ಮಿದ. ಗುಮಾಸ್ತ ಬರೆಯುತ್ತಿದ್ದವನು, ಇದನ್ನೂ ಬರೆಯಬೇಕೇ ಎಂದು ಮುರುಗೇಶನನ್ನು ಕೇಳಿದ. ಬರೆದುಕೋ ಎಂದು ಪಿಎಸ್‌ಐ ಹೇಳಿದರು. ಹಾಗಾಗಿ ಅದು ಪುರಸಭೆಯ ನಡಾವಳಿಯಲ್ಲಿ ಬರಹದಲ್ಲಿದೆ. ನಾನು ಸುಮಲತಾಳ ಕಡೆ ನೋಡಲಿಲ್ಲ. ನೋಡುವ ಮುಖ ನನಗಿರಲಿಲ್ಲ.

ನನಗೆ ನೋಟಿಸು ಕೊಟ್ಟರು. ಕೆಲಸದಿಂದ ತೆಗೆಯಲಿಲ್ಲ, ಆ ಬಿಸಿಲಿನಲ್ಲಿ ದಿನಾ ಎಲೆ ತೊಳೆಯಲು ಬೇರೆ ಯಾರೂ ಒಪ್ಪುವುದಿಲ್ಲ ಎಂದು ಅವರಿಗೂ ಗೊತ್ತು. ಸಮಿತಿಯ ವರದಿ ಕೋರ್ಟಿಗೆ ಹೋಯಿತು. ಇಪ್ಪತ್ತೇಳನೆಯ ದಿನವನ್ನು ಹಾಜರಿಯೆಂದು ಹಿಡಿಯಬೇಕು, ಉಳಿದ ಎರಡು ದಿನ ಮುಗಿಸಲಿ ಎಂದು ಅಲ್ಲಿಂದ ಕಾಗದ ಬಂತು. ಬರುವ ಹೊತ್ತಿಗೆ ಮೇ ಹದಿನಾಲ್ಕು. ಕ್ಯಾಂಟೀನಿನ ಒಲೆಯ ಮುಂದೆ ಬೇರೊಬ್ಬಳು ನಿಂತಾಗಿತ್ತು. ಇವಳಿಗೆ ಕಂಟ್ರಾಕ್ಟರು ಕಾರ್ಖಾನೆಯ ಅಂಗಳದಲ್ಲಿ ಅದಿರಿನ ಪುಡಿ ಗುಡಿಸುವ ಕೆಲಸ ಕೊಟ್ಟನೆಂದು ನನಗೆ ಹೇಳಿದವನು ರೇವಣಸಿದ್ದ.

ಆ ಎರಡು ದಿನ ಅವಳು ಬಂದಳು. ಏಳಕ್ಕೆ ಸರಿಯಾಗಿ. ಮೊದಲ ದಿನ ಒಳಗೆ ಬಂದವಳೇ ಶೆಡ್ಡಿಗೆ ಹೋಗಿ, ಮೊಳೆಯಿಂದ ಆ ಕಿತ್ತಳೆ ಜಾಕೀಟು ತೆಗೆದು ಹಾಕಿಕೊಂಡಳು. ಬ್ಯಾಡ ಎನ್ನಲು ಬಾಯಿ ತೆರೆದೆ. ಜೀವಮಾನವೆಲ್ಲ ಆಡಿದ ಆ ಮಾತು ಅವತ್ತು ಹೊರಗೆ ಬರಲಿಲ್ಲ. ಅವಳು ಹೊಂಗೆ ತೊಳೆದಳು, ದಾಸವಾಳ ತೊಳೆದಳು, ಎಲೆಯನ್ನು ಮಗುಚಿ ಕೆಳಗೂ ತೊಳೆದಳು. ಬೆನ್ನ ಮೇಲಿನ ಅಕ್ಷರ ಬೆವರಿಗೆ ಮೈಗಂಟಿತು. ನಾನು ಚಹಾ ಬಗ್ಗಿಸಿ ಬೆಂಚಿನ ಮೇಲೆ ಇಟ್ಟೆ. ಎರಡು ಲೋಟದಲ್ಲಿ ಒಂದು ತಣ್ಣಗಾಗಿ ಕೆನೆಗಟ್ಟಿತು. ಮೂರು ಗಂಟೆಯಲ್ಲಿ ಒಂದು ಮಾತಿಲ್ಲ. ಒಬ್ಬಳೇ ಇದ್ದ ಒಂಬತ್ತು ವರ್ಷದಲ್ಲಿ ಪಾರ್ಕು ಅಷ್ಟು ಖಾಲಿ ಅನ್ನಿಸಿರಲಿಲ್ಲ.

ಎರಡನೆಯ ದಿನ ಹತ್ತಕ್ಕೆ ಪೈಪು ಸುತ್ತಿಟ್ಟಳು. ಜಾಕೀಟು ಮೊಳೆಗೆ ಹಾಕಿದಳು. ಪುಸ್ತಕವನ್ನು ಗೇಟಿನ ಕಂಬದ ಮೇಲೆ ಇಟ್ಟು ಮೂವತ್ತರ ಮನೆಯಲ್ಲಿ ಸಹಿ ಹಾಕಿದಳು. ಇಪ್ಪತ್ತೇಳರಲ್ಲಿ 'ಗೈರು' ಎಂಬುದನ್ನು ಹೊಡೆದುಹಾಕಿ ನಾನು ಸಹಿ ಮಾಡಿದ್ದೆ, ಅದರ ಪಕ್ಕದಲ್ಲೂ, ಖಾಲಿ ಉಳಿದಿದ್ದ ಇಪ್ಪತ್ತೆಂಟರಲ್ಲೂ ಹಾಕಿದಳು. ಪೆನ್ನು ನನ್ನ ಕೈಗೆ ಕೊಡುವಾಗ ಮೊದಲ ಸಲ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಸಿಟ್ಟು ನನಗೆ ಹೊಸದಲ್ಲ.

"ಒಂದು ಮಾತು ಕೇಳಿದ್ದಿದ್ರ ಬರ್ತಿದ್ನಲ್ಲಕ್ಕ. ಡಬ್ಬಿ ತಗೊಂಡು ದಿನಾ ಬರ್ತಿದ್ದೆ."

ನಾನೇ ಬೈದಿದ್ದೆನಲ್ಲ, ಬಾಯಿ ಇರುವುದು ಯಾತಕ್ಕೆ ಎಂದು. ರಸ್ತೆಯ ತಿರುವಿನಲ್ಲಿ ಬಸ್ಸು ಕಾಣಿಸಿತು. ಅವಳು ಸೆರಗು ಸರಿಮಾಡಿಕೊಂಡು ಗೇಟು ದಾಟಿದಳು. ಆಗ ಕೇಳಿದೆ. ಜೀವಮಾನದಲ್ಲಿ ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ.

"ಸುಮಾ, ನಾಳೆ ಬರ್ತಿಯೇನು?"

ಅವಳು ನಿಂತಳು. ತಿರುಗಿ ನೋಡಿದಳು. ಬಸ್ಸು ಬಂದು ನಿಂತು, ಕೆಂಪು ಧೂಳು ಎದ್ದು, ಬಾಗಿಲು ತೆರೆಯಿತು.

"ನಾಳಿಂದ ನಂದು ಫಸ್ಟ್ ಶಿಫ್ಟ್ ಅಕ್ಕ," ಎಂದು ಹೇಳಿ ಹತ್ತಿದಳು.

ಬಸ್ಸು ವಡ್ಡುವಿನ ಕಡೆ ಹೋಯಿತು. ಅವಳು ಆಗತಾನೆ ತೊಳೆದಿದ್ದ ದಾಸವಾಳದ ಮೇಲೆ ಧೂಳು ಮೆಲ್ಲಗೆ ಇಳಿಯಿತು. ನಾನು ಪೈಪು ಬಿಚ್ಚಿ ಮತ್ತೆ ತೊಳೆದೆ.